ಘಟ್ಟದ ಮಣ್ಣಿನ ಲೆಕ್ಕ

ಮಳೆಗಾಲವು ಕಾಲಿಟ್ಟೊಡನೆ ಪಶ್ಚಿಮ ಘಟ್ಟಗಳ ಕಡೆಯಿಂದ ಒಂದು ಬಗೆಯ ವರ್ತಮಾನವು ಪ್ರತಿವರ್ಷವೂ ತಪ್ಪದೆ ಬರುತ್ತದೆ: ಇಂಥಲ್ಲಿ ಗುಡ್ಡ ಕುಸಿಯಿತು, ಇಂಥಲ್ಲಿ ಧರೆ ಜರಿದು ಹಾದಿ ಮುಚ್ಚಿತು, ಇಷ್ಟು ಗಾಡಿಗಳು ರದ್ದಾದವು, ಇಷ್ಟು ಜನರು ಮಣ್ಣಿನಡಿಯಲ್ಲಿ ಸಿಕ್ಕರು. ಎರಡು ದಿನ ಜನರು ಮರುಗುತ್ತಾರೆ, ಅಧಿಕಾರಿಗಳು ಸ್ಥಳಕ್ಕೆ ಹೋಗಿ ಬರುತ್ತಾರೆ, ಪರಿಹಾರದ ಘೋಷಣೆಯಾಗುತ್ತದೆ, ಕಡೆಗೆ 'ದೈವೇಚ್ಛೆ' ಎಂಬ ಒಂದು ಮಾತಿನಿಂದ ಪ್ರಕರಣವು ಮುಗಿಯುತ್ತದೆ. ದೈವವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಗುಡ್ಡವು ಕುಸಿಯುವುದು ಲೆಕ್ಕಕ್ಕೆ ಸಿಕ್ಕತಕ್ಕ ಕಾರಣಗಳಿಂದ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಆಯಾ ಗುಡ್ಡದ ಮಣ್ಣಿನಲ್ಲಿಯೇ ಇವೆ. ಅವನ್ನು ಅಳೆಯದೆ ಕುಳಿತವರಿಗೆ ದೈವದ ಹೆಸರು ಹೇಳುವ ಅಧಿಕಾರವಿಲ್ಲ. ಈ ಮಾತನ್ನು ವಿಚಾರವಂತರಾದ ಓದುಗರ ಮುಂದೆಯೂ ಸಂಬಂಧಪಟ್ಟ ಖಾತೆಗಳವರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶವು.

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಗೋಮಾಂತಕದ ಗಡಿಗೆ ಹೊಂದಿಕೊಂಡು, ಕ್ಯಾಸಲ್‌ರಾಕ್ ಎಂಬ ಸಣ್ಣ ಊರಿದೆ. ರಾಜ್ಯದಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಇದೊಂದು. ಇಲ್ಲಿ ಬೀಳುವ ಮಳೆಯ ಒಂದು ಸಣ್ಣ ಪಾಲು ಮಾತ್ರ ಪೂರ್ವಕ್ಕಿರುವ ಹಳಿಯಾಳದ ಬಯಲಿಗೆ ಸಿಕ್ಕುತ್ತದೆ. ಇಲ್ಲಿಂದ ರೇಲ್ವೆಯು ಬ್ರಗಾಂಝಾ ಘಟ್ಟವನ್ನಿಳಿದು, ದೂಧಸಾಗರದ ಜಲಪಾತದ ಎದೆಯನ್ನು ಹಾದು, ಗೋಮಾಂತಕದ ಕುಳೆಂ ನಿಲ್ದಾಣವನ್ನು ಮುಟ್ಟುತ್ತದೆ. ದಾರಿಯ ಉದ್ದವು ಸುಮಾರು 26 ಕಿಲೋಮೀಟರು. ಇಳಿಜಾರು 37ಕ್ಕೆ 1, ಅಂದರೆ 37 ಮೀಟರು ಮುಂದೆ ಹೋಗುವಷ್ಟರಲ್ಲಿ ಹಳಿಯು ಒಂದು ಮೀಟರು ಕೆಳಗಿಳಿಯುತ್ತದೆ. ಒಂದು ಪಕ್ಕದಲ್ಲಿ ಕಡಿದ ಧರೆ, ಇನ್ನೊಂದು ಪಕ್ಕದಲ್ಲಿ ಕಂದರ, ನಡುವೆ ಸುರಂಗಗಳು: ಹೀಗಿದೆ ಈ ಮಾರ್ಗದ ಸ್ವರೂಪ.

ಇದನ್ನು ಹಾಕಿದವರು ಪರಕೀಯರು. 1878ರಲ್ಲಿ ಇಂಗ್ಲೀಷರೂ ಪೋರ್ತುಗೀಜರೂ ಮಾಡಿಕೊಂಡ ಒಪ್ಪಂದದ ತರುವಾಯ ವೆಸ್ಟ್ ಆಫ್ ಇಂಡಿಯಾ ಪೋರ್ತುಗೀಜ್ ರೇಲ್ವೆ ಎಂಬ ಕಂಪನಿಯು ಮಾರ್ಮಗೋವಾ ಬಂದರದಿಂದ ಘಟ್ಟದ ತಲೆಯವರೆಗೆ ಹಳಿ ಹಾಸಿತು. 1888ರಲ್ಲಿ ಘಟ್ಟದ ಮಾರ್ಗವು ತೆರೆಯಿತು. ನಮ್ಮ ಒಳನಾಡಿನ ಹತ್ತಿಯನ್ನೂ ಕಾಳನ್ನೂ ಬಂದರಕ್ಕೆ ಇಳಿಸಿಕೊಳ್ಳುವುದು ಅವರ ಇಚ್ಛೆಯಾಗಿತ್ತು. ಗೋವೆಯ ವಿಮೋಚನೆಯ ಚಳವಳದ ಕಾಲದಲ್ಲಿ, 1955ರಲ್ಲಿ, ಗಡಿಯ ಸಂಚಾರವು ಕಡಿಯಿತು. 1961ರ ಡಿಸೆಂಬರ 19ರಂದು ಗೋವೆಯು ಮುಕ್ತವಾದ ಮೇಲೆ ಮಾರ್ಗವು ನಮ್ಮದಾಯಿತು. 1990ರ ದಶಕದಲ್ಲಿ ಮೀಟರ್‌ಗೇಜು ಹೋಗಿ ಬ್ರಾಡ್‌ಗೇಜು ಬಂದಿತು. ಹಳಿಯು ಬದಲಾಯಿತು, ಎಂಜಿನು ಬದಲಾಯಿತು, ಒಡೆಯರೂ ಬದಲಾದರು. ಆದರೆ 19ನೆಯ ಶತಮಾನದಲ್ಲಿ ಕಡಿದ ಆ ಗುಡ್ಡದ ಪಕ್ಕಗಳು ಮಾತ್ರ ಅಲ್ಲಿಯೇ ಇವೆ. ಪರಕೀಯರು ಬಿಟ್ಟುಹೋದ ಆಸ್ತಿಯ ಸಂಗಡ ಅವರು ಬಿಟ್ಟುಹೋದ ಗಂಡಾಂತರವೂ ನಮ್ಮ ಪಾಲಿಗೆ ಬಂದಿದೆ.

ಆ ಗಂಡಾಂತರವು ಕಲ್ಪನೆಯದಲ್ಲ. 2021ರ ಜುಲೈ 23ರಂದು ಮಂಗಳೂರಿನಿಂದ ಮುಂಬಯಿಗೆ ಹೊರಟ ಗಾಡಿಯೊಂದು ದೂಧಸಾಗರ ಮತ್ತು ಸೋನಾಲಿಯಂ ನಿಲ್ದಾಣಗಳ ನಡುವೆ ಜರಿದ ಮಣ್ಣಿಗೆ ಸಿಕ್ಕಿ ಹಳಿ ತಪ್ಪಿತು. ಕೊಂಕಣ ಮಾರ್ಗದಲ್ಲಿ ಚಿಪಳೂಣದ ಹತ್ತಿರ ಪ್ರವಾಹವಿದ್ದುದರಿಂದಲೇ ಆ ಗಾಡಿಯನ್ನು ಈ ಘಟ್ಟದ ಕಡೆಗೆ ತಿರುಗಿಸಲಾಗಿತ್ತೆಂಬುದನ್ನು ಓದುಗರು ಗಮನಿಸಬೇಕು. ನೀರಿಗೆ ಹೆದರಿ ಬಿಟ್ಟ ದಾರಿಯ ಬದಲು ಹಿಡಿದ ದಾರಿಯಲ್ಲಿ ಮಣ್ಣು ಕಾದಿತ್ತು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. 2024ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಕ್ಯಾಸಲ್‌ರಾಕ್ ಮತ್ತು ಕಾರಂಜೋಳಗಳ ನಡುವೆ ಮತ್ತೆ ಗುಡ್ಡ ಕುಸಿದು ಗಾಡಿಗಳ ಸಂಚಾರವು ನಿಂತಿತು. ಅದೇ ವಾರದಲ್ಲಿ ಹಾಸನ–ಮಂಗಳೂರು ಮಾರ್ಗದಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆಯೂ ಹಾಗೆಯೇ ಆಯಿತು. ಅದೃಷ್ಟವು ಯಾವಾಗಲೂ ಜೊತೆಗಿರುವುದಿಲ್ಲವೆಂಬುದಕ್ಕೆ 2003ರ ಜೂನ್ 22ರ ನೆನಪು ಸಾಕು. ಅಂದು ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟ ರಜೆಯ ವಿಶೇಷ ಗಾಡಿಯು ವೈಭವವಾಡಿಯ ಹತ್ತಿರ ಹಳಿಯ ಮೇಲೆ ಬಿದ್ದ ಬಂಡೆಗಳಿಗೆ ಬಡಿದು 50ಕ್ಕೂ ಹೆಚ್ಚು ಜನರು ಮಡಿದರು.

ರೇಲ್ವೆಯೊಂದರ ಮಾತೂ ಅಲ್ಲ. ಕಾರವಾರದ ಬಳಿಯ ಕಡವಾಡದಲ್ಲಿ 2009ರ ಅಕ್ಟೋಬರ 2ರಂದು ಗುಡ್ಡ ಜರಿದು 19 ಜನರು ಸತ್ತರು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಅಡಿಕೆಯ ತೋಟಗಳೂ ಮನೆಗಳೂ ಹಾಳಾದವು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಕಡೆಯಲ್ಲಿ ಗುಡ್ಡಗಳು ಕೆಸರಾಗಿ ಹರಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯು ಜರಿದು ಅರ್ಚಕರ ಮನೆಯನ್ನೇ ನುಂಗಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡವು ಕುಸಿದು ಗಂಗಾವಳಿ ನದಿಗೆ ಬಿದ್ದಿತು. ನದಿಯಲ್ಲೆದ್ದ ನೀರು ಆಚೆಯ ದಂಡೆಯ ಉಳುವರೆಯ ಮನೆಗಳನ್ನೂ ಬಡಿಯಿತು. ನದಿಯ ತಳದಿಂದ ಲಾರಿಯೊಂದನ್ನೂ ಅದರ ಚಾಲಕನ ಶವವನ್ನೂ ತೆಗೆಯಲು ಸೆಪ್ಟೆಂಬರ 25ರ ವರೆಗೆ ಕಾಯಬೇಕಾಯಿತು. ಇಷ್ಟು ಸಂಗತಿಗಳು ಒಂದೇ ಘಟ್ಟದ ಸಾಲಿನಲ್ಲಿ ಹದಿನೈದು ವರ್ಷಗಳೊಳಗೆ ನಡೆದ ಮೇಲೆ ಇವನ್ನು ಆಕಸ್ಮಿಕಗಳೆಂದು ಕರೆಯುವುದು ಭಾಷೆಯ ದುರುಪಯೋಗವೇ ಸರಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಳಿಜಾರಿನ ಮೇಲಿನ ಮಣ್ಣು ಏಕೆ ನಿಲ್ಲುತ್ತದೆ, ಏಕೆ ಜಾರುತ್ತದೆ? ಮಣ್ಣಿನ ತೂಕದ ಒಂದು ಪಾಲು ಅದನ್ನು ಇಳಿಜಾರಿನಗುಂಟ ಕೆಳಗೆ ಎಳೆಯುತ್ತದೆ. ಇದು ಜಾರಿಸುವ ಬಲ. ಮಣ್ಣಿನ ಕಣಗಳ ಪರಸ್ಪರ ತಿಕ್ಕಾಟವೂ ಅಂಟೂ ಅದನ್ನು ಹಿಡಿದು ನಿಲ್ಲಿಸುತ್ತವೆ. ಇದು ತಡೆಯುವ ಬಲ. ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಬರುವ ಅಂಕಿಗೆ ಸುರಕ್ಷಾಂಕವೆನ್ನೋಣ. ಅದು ಒಂದಕ್ಕಿಂತ ಹೆಚ್ಚಾಗಿದ್ದರೆ ಗುಡ್ಡವು ನಿಲ್ಲುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಬೀಳುತ್ತದೆ. ಈ ವಿಚಾರಕ್ಕೆ ತಳಪಾಯ ಹಾಕಿದವನು ಕುಲಾಂಬನೆಂಬ ಫ್ರೆಂಚ್ ಸೈನ್ಯದ ಇಂಜಿನಿಯರನು. ಅವನ ಪ್ರಬಂಧವು 1776ರಲ್ಲಿ ಪ್ರಕಟವಾಯಿತು. ಇದರಲ್ಲಿ ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ಅಂಗಡಿಯ ಜಮಾಖರ್ಚು ಬಲ್ಲವರಿಗೆ ಅರ್ಥವಾಗತಕ್ಕ ಗಣಿತವೇ ಇದೆ.

ಈ ಜಮಾಖರ್ಚಿಗೆ ಬೇಕಾದ ಅಂಕಿಗಳು ಮುಖ್ಯವಾಗಿ ಐದು. ಒಂದನೆಯದು ಮಣ್ಣಿನ ತೂಕ, ಅಂದರೆ ಒಂದು ಘನ ಮೀಟರು ಮಣ್ಣು ಎಷ್ಟು ಭಾರವೆಂಬುದು. ಎರಡನೆಯದು ಒಳತಿಕ್ಕಾಟದ ಕೋನ. ಕಣದಲ್ಲಿ ಜೋಳವನ್ನು ರಾಶಿ ಹಾಕಿದಾಗ ರಾಶಿಯ ಪಕ್ಕವು ಒಂದು ಮಿತಿಗಿಂತ ಕಡಿದಾಗಿ ನಿಲ್ಲುವುದಿಲ್ಲ. ಕಾಳು ಉರುಳಿ ಬಂದು ತನ್ನ ಕೋನವನ್ನು ತಾನೇ ಹುಡುಕಿಕೊಳ್ಳುತ್ತದೆ. ಮರಳಿಗೂ ಮಣ್ಣಿಗೂ ಇಂಥ ಕೋನವುಂಟು. ಮೂರನೆಯದು ಅಂಟು, ಕಾಳಿಗೆ ಇಲ್ಲದ, ಜೇಡಿಮಣ್ಣಿಗೆ ಇರುವ ಗುಣವಿದು. ನಾಲ್ಕನೆಯದು ಮಣ್ಣು ನೀರನ್ನು ಎಷ್ಟು ಬೇಗ ಒಳಗೆ ಬಿಡುತ್ತದೆ, ಎಷ್ಟು ಬೇಗ ಹೊರಗೆ ಬಿಡುತ್ತದೆ ಎಂಬ ಜಲವಾಹಕತ್ವ. ಇದರ ನಿಯಮವನ್ನು ಫ್ರಾನ್ಸಿನ ಡಾರ್ಸಿಯು 1856ರಲ್ಲಿ ಪ್ರಕಟಿಸಿದನು. ಐದನೆಯದು ಜಾರತಕ್ಕ ಪದರದ ದಪ್ಪ.

ನೀರಿನ ಕೆಲಸದ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನೀರು ಎಣ್ಣೆಯಂತೆ ಮಣ್ಣನ್ನು ಜಾರಿಸುತ್ತದೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಕಣಗಳ ನಡುವಿನ ಸಂದುಗಳಲ್ಲಿ ತುಂಬಿದ ನೀರು ತನ್ನ ಒತ್ತಡದಿಂದ ಕಣಗಳ ಭಾರದ ಒಂದು ಪಾಲನ್ನು ತಾನೇ ಹೊರುತ್ತದೆ. ಕಣಗಳು ಒಂದರ ಮೇಲೊಂದು ಒತ್ತುವುದು ಕಡಿಮೆಯಾಗುತ್ತದೆ. ಒತ್ತು ಕಡಿಮೆಯಾದಷ್ಟೂ ತಿಕ್ಕಾಟವು ಕಡಿಮೆ. ಬಾವಿಗೆ ಇಳಿದವನಿಗೆ ತನ್ನ ಮೈ ಹಗುರವಾದಂತೆ ತೋರುವುದಿಲ್ಲವೇ? ಗುಡ್ಡದ ಕಣಗಳಿಗೂ ಅದೇ ಗತಿ. ಈ ತತ್ತ್ವವನ್ನು ಸ್ಪಷ್ಟಪಡಿಸಿ 1925ರಲ್ಲಿ ಗ್ರಂಥವನ್ನು ಬರೆದ ಕಾರ್ಲ್ ಟರ್ಜಾಗಿಯವರನ್ನು ಮಣ್ಣಿನ ಯಂತ್ರಶಾಸ್ತ್ರದ ಜನಕರೆಂದು ಲೋಕವು ಮನ್ನಿಸುತ್ತದೆ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸುತ್ತೇವೆ. ಇದು ಲೆಕ್ಕದ ರೀತಿಯನ್ನು ತೋರಿಸಲು ಕಲ್ಪಿಸಿದ್ದೇ ಹೊರತು ಕ್ಯಾಸಲ್‌ರಾಕಿನ ಯಾವ ಧರೆಯದೂ ಅಲ್ಲ. ಗುಡ್ಡದ ಇಳಿಜಾರು 35 ಅಂಶಗಳು. ಬಂಡೆಯ ಮೇಲಿನ ಮಣ್ಣಿನ ಪದರವು 2 ಮೀಟರು. ಘನ ಮೀಟರಿಗೆ ತೂಕ 1,800 ಕಿಲೋಗ್ರಾಂ. ಒಳತಿಕ್ಕಾಟದ ಕೋನ 30 ಅಂಶಗಳು. ಅಂಟು ಚದರ ಮೀಟರಿಗೆ 800 ಕಿಲೋಗ್ರಾಂ ತೂಕದಷ್ಟು ಎಂದಿಟ್ಟುಕೊಳ್ಳಿರಿ. ಆಗ ಜಾರುವ ಮೈಯ ಪ್ರತಿ ಚದರ ಮೀಟರಿನ ಮೇಲೆ ಜಾರಿಸುವ ಬಲವು ಸುಮಾರು 1,690. ತಿಕ್ಕಾಟದಿಂದ ಸಿಕ್ಕುವ ತಡೆ ಸುಮಾರು 1,395. ಅಂಟು ಕೂಡಿ ಒಟ್ಟು 2,195. ಸುರಕ್ಷಾಂಕವು 1.30. ಗುಡ್ಡವು ಭದ್ರವಾಗಿದೆ. ಮಳೆ ಹಿಡಿದು ಪದರದ ಅರ್ಧದಷ್ಟು ನೀರು ತುಂಬಿ ಇಳಿಜಾರಿನಗುಂಟ ಹರಿಯತೊಡಗಿದರೆ, ನೆನೆದ ಮಣ್ಣಿನ ಹೆಚ್ಚಿನ ತೂಕವನ್ನು ಬಿಟ್ಟರೂ, ತಿಕ್ಕಾಟವು ಸುಮಾರು 1,010ಕ್ಕೆ ಇಳಿಯುತ್ತದೆ; ಸುರಕ್ಷಾಂಕವು 1.07. ಗುಡ್ಡವು ನಿಂತಿದೆ, ಆದರೆ ಅಂಚಿನಲ್ಲಿ ನಿಂತಿದೆ. ನೀರು ನೆಲದ ಮಟ್ಟಕ್ಕೆ ಬಂದಿತೆಂದರೆ ತಿಕ್ಕಾಟವು 620, ಸುರಕ್ಷಾಂಕವು 0.84. ಗುಡ್ಡವು ಉಳಿಯಲಾರದು.

ಈಗ ಇದೇ ಲೆಕ್ಕದಲ್ಲಿ ಒಂದೇ ಅಂಕಿಯನ್ನು ಬದಲಿಸಿರಿ. ಅಂಟು 800 ಅಲ್ಲ, 400 ಎನ್ನಿರಿ. ಒಣಗಿದ ದಿನದಲ್ಲಿಯೇ ಸುರಕ್ಷಾಂಕವು 1.06ಕ್ಕೆ ಬಂದು ನಿಲ್ಲುತ್ತದೆ. ಅರ್ಧ ನೀರಿಗೆ 0.83. ಮೊದಲಿನ ಅಂಕಿಯನ್ನು ನಂಬಿದ ಅಧಿಕಾರಿಯು ಅರ್ಧ ನೀರು ತುಂಬಿದ ರಾತ್ರಿಯಲ್ಲಿ "ಗಾಡಿ ಬಿಡಬಹುದು" ಎನ್ನುತ್ತಾನೆ. ಎರಡನೆಯ ಅಂಕಿಯನ್ನು ಬಲ್ಲವನು ಕೆಂಪು ದೀಪವನ್ನು ತೋರಿಸುತ್ತಾನೆ. ಇಬ್ಬರ ಗಣಿತವೂ ಸರಿಯಾಗಿಯೇ ಇದೆ. ವ್ಯತ್ಯಾಸವಿರುವುದು ಮಣ್ಣನ್ನು ಅಳೆದವನಿಗೂ ಅಳೆಯದವನಿಗೂ ಮಾತ್ರ. ಆದುದರಿಂದ ಎಷ್ಟು ದೊಡ್ಡ ಗಣಕಯಂತ್ರವನ್ನು ತಂದರೂ, ಎಷ್ಟು ಬಣ್ಣಬಣ್ಣದ ನಕಾಶೆಗಳನ್ನು ಬರೆಯಿಸಿದರೂ, ಒಳಗೆ ಹಾಕಿದ ಅಂಕಿಯು ಬೇರೆ ನಾಡಿನ ಪುಸ್ತಕದಿಂದ ಎರವಲು ತಂದದ್ದಾದರೆ ಹೊರಗೆ ಬರುವ ಉತ್ತರವೂ ಎರವಲಿನದೇ ಆಗಿರುವುದು.

ನಮ್ಮ ಘಟ್ಟದ ಮಣ್ಣು ಎರವಲಿನ ಅಂಕಿಗೆ ಒಗ್ಗತಕ್ಕದ್ದಲ್ಲ. ಕ್ಯಾಸಲ್‌ರಾಕಿನ ಸುತ್ತಲಿನ ಬಂಡೆಗಳು ಅತಿ ಪ್ರಾಚೀನವಾದ ಧಾರವಾಡ ಶಿಲಾವರ್ಗಕ್ಕೆ ಸೇರಿದವು. ಭೂಗರ್ಭಶಾಸ್ತ್ರಜ್ಞರು ಗೋವೆ ಮತ್ತು ಉತ್ತರ ಕನ್ನಡಗಳ ಈ ಭಾಗವನ್ನು ವರ್ಣಿಸುವಾಗ 'ಕ್ಯಾಸಲ್‌ರಾಕ್ ಪಟ್ಟಿ' ಎಂಬ ಹೆಸರನ್ನೇ ಬಳಸುತ್ತಾರೆ. ಪದರಪದರವಾದ ಈ ಬಂಡೆಗಳು ಯುಗಾಂತರಗಳ ಬಿಸಿಲುಮಳೆಗೆ ಕೊಳೆತು ಮೇಲ್ಗಡೆ ಕೆಂಪು ಮಣ್ಣಾಗಿವೆ. ಕರಾವಳಿಯಲ್ಲಿಯೂ ಘಟ್ಟದ ಮಗ್ಗುಲಲ್ಲಿಯೂ ಅನೇಕ ಕಡೆ ಮೇಲೆ ಜಂಬಿಟ್ಟಿಗೆಯ ಗಟ್ಟಿ ಹೊದಿಕೆ, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೃದುವಾದ ಮಣ್ಣು ಇರುತ್ತದೆ. ಇದನ್ನು ದಕ್ಷಿಣ ಕನ್ನಡದ ಕಡೆಯಲ್ಲಿ ಶೇಡಿಮಣ್ಣೆಂದು ಕರೆಯುತ್ತಾರೆ. ಒಣಗಿದಾಗ ಇದು ಗೋಡೆಯಂತೆ ನಿಲ್ಲುತ್ತದೆ. ನೆನೆದಾಗ ಬಲವನ್ನೆಲ್ಲ ಬಿಟ್ಟುಕೊಡುತ್ತದೆ. ಸುರತ್ಕಲ್ಲಿನ ಇಂಜಿನಿಯರಿಂಗ್ ವಿದ್ಯಾಲಯದವರು ಈ ಮಣ್ಣಿನ ಮೇಲೆ ಬಹುಕಾಲದಿಂದ ಪ್ರಯೋಗಗಳನ್ನು ನಡೆಯಿಸಿದ್ದಾರೆ. ಜಂಬಿಟ್ಟಿಗೆಯ ತೂತುಗಳಲ್ಲಿ ಮಳೆನೀರು ಸರಸರನೆ ಇಳಿಯುತ್ತದೆ. ಕೆಳಗಿನ ಮಣ್ಣು ಅದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಎರಡರ ಸಂಧಿಯಲ್ಲಿ ನೀರು ನಿಂತು ಒತ್ತಡವು ಏರುತ್ತದೆ. ಕಾಸರಗೋಡು, ಕಣ್ಣೂರು ಜಿಲ್ಲೆಗಳಲ್ಲಿ ಇಂಥ ಮಣ್ಣಿನೊಳಗೆ ನೀರು ತಾನೇ ಸುರಂಗಗಳನ್ನು ಕೊರೆದು ನೆಲವು ಕುಸಿದ ಉದಾಹರಣೆಗಳೂ ಇವೆ.

ಬೇಸಿಗೆಯಲ್ಲಿ ಕಡಿದ ಧರೆಯು ನೆಟ್ಟಗೆ ನಿಂತಿದ್ದನ್ನು ನೋಡಿ ಗುತ್ತೇದಾರನು ಬೆನ್ನು ತಟ್ಟಿಕೊಳ್ಳುವುದುಂಟು. ಅರೆ ಒಣಗಿದ ಮಣ್ಣಿನ ಸಂದುಗಳಲ್ಲಿಯ ಅಲ್ಪ ತೇವವು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಮಕ್ಕಳು ಹಸಿ ಮರಳಿನಲ್ಲಿ ಗೂಡು ಕಟ್ಟುವುದು ಇದರ ಬಲದಿಂದಲೇ. ಆದರೆ ಈ ಬಲವು ಮಳೆ ಬರುವ ವರೆಗಿನ ಸಾಲ. ಆಷಾಢದ ಮಳೆಯು ಅದನ್ನು ಬಡ್ಡಿಸಹಿತ ವಸೂಲು ಮಾಡುತ್ತದೆ. ಆದುದರಿಂದ ಎಪ್ರಿಲ ತಿಂಗಳಲ್ಲಿ ಅಗೆದು ಚೀಲದಲ್ಲಿ ತುಂಬಿ ಒಯ್ದ ಪುಡಿಮಣ್ಣನ್ನು ಪರೀಕ್ಷಿಸಿ ಪಡೆದ ಅಂಕಿಯು ಜುಲೈ ತಿಂಗಳ ಗುಡ್ಡಕ್ಕೆ ಸಲ್ಲದು. ಮಣ್ಣಿನ ಗಡ್ಡೆಯನ್ನು ಅದರ ರಚನೆ ಕೆಡದಂತೆ ಕಡಿದು ತರಬೇಕು, ಪೂರ್ತಿಯಾಗಿ ನೆನೆಯಿಸಬೇಕು, ಎರಡು ಭಾಗದ ಪೆಟ್ಟಿಗೆಯಲ್ಲಿಟ್ಟು, ಮೇಲಿನಿಂದ ತೂಕ ಹೇರಿ, ಪಕ್ಕಕ್ಕೆ ತಳ್ಳಿ, ಎಷ್ಟು ಬಲಕ್ಕೆ ಸೀಳಿತೆಂಬುದನ್ನು ನೋಡಬೇಕು. ಒಂದು ಗಡ್ಡೆಯೂ ಸಾಲದು. ಒಳತಿಕ್ಕಾಟದ ಕೋನವು ಒಂದೇ ಗುಡ್ಡದಲ್ಲಿ ಅಷ್ಟಾಗಿ ಬದಲಾಗದಿದ್ದರೂ ಅಂಟು ಬಹಳ ಬದಲಾಗುತ್ತದೆ. ಜಲವಾಹಕತ್ವವಂತೂ ಹತ್ತು ಪಟ್ಟು, ನೂರು ಪಟ್ಟು ಬದಲಾಗಬಲ್ಲದು. ಪ್ರಾಮಾಣಿಕನಾದ ಇಂಜಿನಿಯರನು ಒಂದು ಅಂಕಿಯನ್ನು ಹೇಳದೆ ಇಷ್ಟರಿಂದ ಇಷ್ಟರ ವರೆಗೆ ಎಂದು ಹೇಳುತ್ತಾನೆ. ಅದನ್ನು ಅವನ ಅಜ್ಞಾನವೆಂದು ಹಳಿಯದೆ ಅವನ ಸತ್ಯನಿಷ್ಠೆಯೆಂದು ತಿಳಿಯುವುದು ಮೇಲಧಿಕಾರಿಗಳ ಧರ್ಮವು.

ಕಾಡಿನ ಬೇರುಗಳನ್ನೂ ಈ ಲೆಕ್ಕದಲ್ಲಿ ಜಮಾ ಬದಿಗೆ ಹಿಡಿಯಬೇಕು. ಬೇರುಗಳು ಮೇಲಿನ ಪದರವನ್ನು ಹೊಲಿದು ಹಿಡಿದಂತೆ ಹಿಡಿಯುತ್ತವೆ. ಅವುಗಳ ಹಿಡಿತವು ಅಂಟಿಗೆ ಕೂಡುತ್ತದೆ. ಮರವನ್ನು ಕಡಿದ ವರ್ಷವೇ ಗುಡ್ಡವು ಬೀಳುವುದಿಲ್ಲ. ಬೇರು ಕೊಳೆಯಲು ಕೆಲವು ವರ್ಷಗಳು ಹಿಡಿಯುತ್ತವೆ. ಆ ಮೇಲೆ ಗುಡ್ಡವು ಬಿದ್ದಾಗ ಕೊಡಲಿ ಹಿಡಿದವನ ನೆನಪು ಯಾರಿಗೂ ಇರುವುದಿಲ್ಲ.

ಇಷ್ಟು ಗುಡ್ಡವು ಕಳಚುವ ಮಾತಾಯಿತು. ಕಳಚಿದ ಮೇಲೆ ಅದು ಎಲ್ಲಿಯ ವರೆಗೆ ಹೋಗುವುದೆಂಬುದು ಬೇರೆಯೇ ಪ್ರಶ್ನೆ. ಕೆಲವು ಧರೆಗಳು ಜರಿದು ಬುಡದಲ್ಲಿಯೇ ಕೂಡುತ್ತವೆ. ಕೆಲವು ನೀರು ಕೂಡಿ ಕಲ್ಲು, ಮರ, ಕೆಸರುಗಳ ಪ್ರವಾಹವಾಗಿ ಹಳ್ಳ ಹಿಡಿದು ಓಡುತ್ತವೆ. ನೀರಿನ ಒಂದು ಘನ ಮೀಟರಿನ ತೂಕವು 1,000 ಕಿಲೋಗ್ರಾಂ. ಈ ಪ್ರವಾಹದ್ದು ಸುಮಾರು 1,800ರಿಂದ 2,200. ಆದುದರಿಂದಲೇ ಇದು ದೊಡ್ಡ ಬಂಡೆಗಳನ್ನು ತೇಲಿಸಿದಂತೆ ಒಯ್ಯುತ್ತದೆ. ಹೋಗುತ್ತ ಹಳ್ಳದ ತಳವನ್ನೂ ದಂಡೆಯನ್ನೂ ಕಿತ್ತು ತನ್ನಲ್ಲಿ ಕೂಡಿಸಿಕೊಂಡು ಬೆಳೆಯುತ್ತದೆ.

ಇದರ ಲೆಕ್ಕಕ್ಕೆ ಬೇರೆ ಅಂಕಿಗಳು ಬೇಕು: ಕೆಸರು ಎಷ್ಟು ಗಟ್ಟಿ, ಎಷ್ಟು ಒತ್ತಿದರೆ ಹರಿಯತೊಡಗುತ್ತದೆ, ಹರಿಯುವಾಗ ಎಷ್ಟು ತಡೆಯುತ್ತದೆ. ದೋಸೆಯ ಹಿಟ್ಟನ್ನು ಹದ ಮಾಡುವ ಗೃಹಿಣಿಯು ಸವುಟಿನಿಂದ ನೋಡುವುದೂ ಇದನ್ನೇ. 1955ರಲ್ಲಿ ಸ್ವಿಟ್ಜರ್ಲಂಡಿನ ವೊಲ್ಮಿಯೆಂಬವರು ಹಿಮಪಾತಗಳಿಗಾಗಿ ಹೇಳಿದ ಒಂದು ರೀತಿಯನ್ನು ಈಗ ಕೆಸರಿನ ಪ್ರವಾಹಗಳಿಗೂ ಹಚ್ಚುತ್ತಾರೆ. ಅದರಲ್ಲಿ ಎರಡು ಅಂಕಿಗಳು: ಒಂದು ನೆಲದ ತಿಕ್ಕಾಟದ್ದು, ಒಂದು ವೇಗದೊಂದಿಗೆ ಬೆಳೆಯುವ ತಡೆಯದು. ಮೊದಲನೆಯ ಅಂಕಿಯು 0.2 ಆಗಿದ್ದರೆ ಪ್ರವಾಹವು ಸುಮಾರು 11 ಅಂಶಗಳಿಗಿಂತ ಕಡಿಮೆ ಇಳಿಜಾರಿಗೆ ಬಂದಾಗ ವೇಗಗುಂದತೊಡಗುತ್ತದೆ, 0.1 ಆಗಿದ್ದರೆ ಸುಮಾರು 6 ಅಂಶಗಳ ಇಳಿಜಾರಿನ ವರೆಗೆ ಓಡುತ್ತಲೇ ಇರುತ್ತದೆ. ಕಾಗದದ ಮೇಲೆ ಇದು ದಶಾಂಶದ ಒಂದು ಸ್ಥಾನದ ವ್ಯತ್ಯಾಸ. ನೆಲದ ಮೇಲೆ ಒಂದು ಕೇರಿ ಉಳಿಯುವುದಕ್ಕೂ ಅಳಿಯುವುದಕ್ಕೂ ಇರುವ ವ್ಯತ್ಯಾಸ. ಈ ಅಂಕಿಯನ್ನು ಪ್ರಯೋಗಶಾಲೆಯ ಪೆಟ್ಟಿಗೆಯಲ್ಲಿ ಪೂರ್ತಿಯಾಗಿ ಅಳೆಯಲಾಗದು. ಹಿಂದೆ ನಡೆದ ಕುಸಿತಗಳು ಎಲ್ಲಿಂದ ಹೊರಟು ಎಲ್ಲಿ ನಿಂತವೆಂಬುದನ್ನು ಮೋಜಣಿ ಮಾಡಿ ಹಿಮ್ಮುಖವಾಗಿ ಲೆಕ್ಕ ಹಾಕಿ ತೆಗೆಯಬೇಕು. ಅಂದಮೇಲೆ ಪ್ರತಿಯೊಂದು ಕುಸಿತವೂ ಒಂದು ಪಾಠವು. ಬಿದ್ದ ಮಣ್ಣನ್ನು ಜೇಸಿಬಿಯಿಂದ ಬಳಿದು ಕಂದರಕ್ಕೆ ತಳ್ಳಿ, ಮೋಜಣಿಯಿಲ್ಲದೆ ದಾರಿ ತೆರೆದರೆ, ಪ್ರಾಣಗಳನ್ನು ಬೆಲೆಯಾಗಿ ತೆತ್ತು ಕೊಂಡ ಪಾಠವನ್ನು ಓದದೆ ಹರಿದುಹಾಕಿದಂತೆ.

2024ರ ಜುಲೈ 30ರ ಬೆಳಗಿನ ಜಾವದಲ್ಲಿ ನೆರೆಯ ವಯನಾಡಿನಲ್ಲಿ ಏನಾಯಿತೆಂಬುದು ಲೋಕಕ್ಕೆಲ್ಲ ತಿಳಿದಿದೆ. ಸಮುದ್ರಮಟ್ಟದಿಂದ ಸುಮಾರು 1,550 ಮೀಟರು ಎತ್ತರದಲ್ಲಿ ಕಳಚಿದ ಗುಡ್ಡವು ಹೊಳೆಯ ಪಾತ್ರವನ್ನು ಹಿಡಿದು ಸುಮಾರು 8 ಕಿಲೋಮೀಟರು ಹರಿದು ಮುಂಡಕೈ, ಚೂರಲ್‌ಮಲೆಗಳನ್ನು ಅಳಿಸಿತು. ಎರಡುನೂರಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಅನೇಕರು ಗುಡ್ಡದ ಬುಡದಲ್ಲಿ ಇದ್ದವರಲ್ಲ. ಗುಡ್ಡವು ತಮ್ಮ ಮನೆಯ ವರೆಗೆ ಬರಬಹುದೆಂದು ಕನಸಿನಲ್ಲಿಯೂ ಎಣಿಸಿರಲಾರದವರು. ಕುಸಿಯುವ ಸ್ಥಳದ ನಕಾಶೆಯೊಂದೇ ಸಾಲದು, ಹರಿದು ಮುಟ್ಟುವ ಸ್ಥಳದ ನಕಾಶೆಯೂ ಬೇಕೆಂಬುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷ್ಯವು ಬೇಡ.

ಇದೆಲ್ಲ ಶ್ರೀಮಂತ ದೇಶಗಳ ಕೆಲಸ, ನಮ್ಮಿಂದಾಗದು ಎನ್ನುವವರಿದ್ದಾರೆ. ಅವರು ಹಾಂಗ್‌ಕಾಂಗಿನ ವೃತ್ತಾಂತವನ್ನು ನೋಡಲಿ. ನಮ್ಮಂತೆಯೇ ಮಳೆ, ನಮ್ಮಂತೆಯೇ ಕೊಳೆತ ಬಂಡೆಯ ಮಣ್ಣು. 1972ರ ಜೂನ್ 18ರಂದು ಒಂದೇ ದಿನ ಅಲ್ಲಿ ಎರಡು ಕಡೆ ಗುಡ್ಡಗಳು ಕುಸಿದು ನೂರಕ್ಕೂ ಹೆಚ್ಚು ಜನರು ಸತ್ತರು. 1977ರಲ್ಲಿ ಇಳಿಜಾರುಗಳಿಗಾಗಿಯೇ ಒಂದು ಕಚೇರಿಯು ಸ್ಥಾಪಿತವಾಯಿತು. ಮನುಷ್ಯರು ಕಡಿದ ಇಲ್ಲವೆ ತುಂಬಿದ ಸುಮಾರು 60,000 ಇಳಿಜಾರುಗಳಿಗೆ ಅದು ನಂಬರು ಕೊಟ್ಟಿತು. ಇಳಿಜಾರಿನ ಮೇಲೆ ನಂಬರಿನ ಫಲಕವನ್ನು ಬಡಿದು, ಅದರ ಪಾಲನೆ ಯಾರ ಹೊಣೆಯೆಂಬುದನ್ನು ಯಾವ ನಾಗರಿಕನೂ ತಿಳಿಯುವಂತೆ ಮಾಡಿತು. ಮಳೆಯ ಪ್ರಮಾಣವನ್ನು ನೋಡಿ ಮುನ್ಸೂಚನೆ ಕೊಡತೊಡಗಿತು. ನಮ್ಮ ಊರುಗಳಲ್ಲಿ ವಿದ್ಯುತ್ತಿನ ಕಂಬಕ್ಕೂ ನಂಬರಿದೆ, ಮನೆಗೂ ನಂಬರಿದೆ. ಜನರ ತಲೆಯ ಮೇಲೆ ಬೀಳತಕ್ಕ ಧರೆಗೆ ನಂಬರು ಕೊಡುವುದು ಅಸಾಧ್ಯವೆಂದು ಯಾರು ಹೇಳಬಲ್ಲರು?

ನಮ್ಮಲ್ಲಿ ಸಾಧನಗಳಿಲ್ಲವೆನ್ನಲೂ ಆಗದು. ರಾಷ್ಟ್ರದ ಭೂಗರ್ಭ ಸಮೀಕ್ಷೆಯ ಇಲಾಖೆಯು ಕುಸಿತಕ್ಕೆ ಒಳಗಾಗಬಲ್ಲ ಪ್ರದೇಶಗಳ ನಕಾಶೆಗಳನ್ನು ಬರೆದಿದೆ. 2024ರ ಜುಲೈಯಲ್ಲಿ ಕಲಕತ್ತೆಯಲ್ಲಿ ಭೂಕುಸಿತದ ಮುನ್ಸೂಚನೆಯ ಕೇಂದ್ರವನ್ನೂ ತೆರೆಯಿತು. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದ ವರೆಗೆ ಮಳೆಮಾಪಕಗಳನ್ನಿಟ್ಟಿದೆ. ಸುರತ್ಕಲ್ಲು, ಧಾರವಾಡ, ಹುಬ್ಬಳ್ಳಿಗಳಲ್ಲಿಯೂ ಹತ್ತಿರದ ಹಳಿಯಾಳದಲ್ಲಿಯೂ ಇಂಜಿನಿಯರಿಂಗ್ ಶಿಕ್ಷಣದ ಸಂಸ್ಥೆಗಳಿವೆ. ಆದರೆ ನಕಾಶೆಯು ಒಂದು ಖಾತೆಯಲ್ಲಿ, ಮಳೆಯ ಅಂಕಿ ಇನ್ನೊಂದರಲ್ಲಿ, ಗುಡ್ಡ ಕಡಿಯುವ ಅಧಿಕಾರವು ಮೂರನೆಯದರಲ್ಲಿ, ಸತ್ತವರಿಗೆ ಪರಿಹಾರ ಕೊಡುವ ಕೆಲಸವು ನಾಲ್ಕನೆಯದರಲ್ಲಿ ಇದ್ದರೆ ಇವು ಒಂದೆಡೆಗೆ ಸೇರುವುದು ಯಾವಾಗ? ಅವು ಅಪಘಾತದ ಮರುದಿನ ಮಾತ್ರ ಸೇರುತ್ತವೆಂಬುದೇ ನಮ್ಮ ಆಕ್ಷೇಪವು.

ಈ ಘಟ್ಟದಲ್ಲಿ ಎರಡನೆಯ ಹಳಿಯನ್ನು ಹಾಕುವ ಯೋಜನೆಯ ವಿಷಯವನ್ನೂ ಇಲ್ಲಿ ಹೇಳದಿರಲಾಗದು. ಮಾರ್ಮಗೋವಾ ಬಂದರದಿಂದ ನಮ್ಮ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಬರುವುದು ಈ ದಾರಿಯಿಂದಲೇ. ಹಳಿಯ ಮೇಲಿನ ಒತ್ತಡವು ಸುಳ್ಳಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಜೋಡುಮಾರ್ಗಕ್ಕೆ ವನ್ಯಜೀವಿ ಮಂಡಳಿಯು ಕೊಟ್ಟ ಅನುಮೋದನೆಯನ್ನು 2022ರ ಮೇ 9ರಂದು ಸುಪ್ರೀಮ್ ಕೋರ್ಟು ರದ್ದುಪಡಿಸಿತು. ಆ ವಾದದಲ್ಲಿ ಅರಣ್ಯದ, ಪ್ರಾಣಿಗಳ ಮಾತು ಬಹಳ ನಡೆಯಿತು, ಅದು ಯೋಗ್ಯವೇ. ನಾವು ಅದಕ್ಕೆ ಇನ್ನೊಂದನ್ನು ಕೂಡಿಸುತ್ತೇವೆ. ಇದ್ದ ಹಳಿಯ ಪಕ್ಕದಲ್ಲಿ ಎರಡನೆಯ ಹಳಿಗೆ ಜಾಗ ಬೇಕಾದರೆ ಗುಡ್ಡವನ್ನು ಮತ್ತೆ ಕಡಿಯಬೇಕು. ಬುಡವನ್ನು ಕಡಿದಷ್ಟೂ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಈ ಬಗೆಯ ಯಾವ ಯೋಜನೆಯೇ ಇರಲಿ, ರೇಲ್ವೆಯದಿರಲಿ ಹೆದ್ದಾರಿಯದಿರಲಿ, ಮೊದಲು ಪ್ರತಿಯೊಂದು ಧರೆಯ ಮಣ್ಣಿನ ಅಂಕಿಗಳು ಮಹಾಜನರ ಮುಂದೆ ಬರಬೇಕು. ಆ ಮೇಲೆ ಸಲಿಕೆಯು ನೆಲಕ್ಕೆ ಇಳಿಯಬೇಕು.

ನಮ್ಮ ಸೂಚನೆಗಳು ಇವು. ಒಂದನೆಯದಾಗಿ, ಕ್ಯಾಸಲ್‌ರಾಕ್ ಘಟ್ಟದಲ್ಲಿಯೂ ಜಿಲ್ಲೆಯ ಹೆದ್ದಾರಿಗಳಲ್ಲಿಯೂ ಇರುವ ಪ್ರತಿಯೊಂದು ಕಡಿತಕ್ಕೆ ನಂಬರು ಕೊಟ್ಟು, ಅದರ ಪಾಲನೆಯ ಹೊಣೆಗಾರರು ಯಾರೆಂಬುದನ್ನು ಫಲಕದಲ್ಲಿ ಬರೆಯಿಸಬೇಕು. ಎರಡನೆಯದಾಗಿ, ಅಪಾಯಕರವೆಂದು ಕಂಡ ಧರೆಗಳ ಮಣ್ಣನ್ನು ನೆನೆದ ಸ್ಥಿತಿಯಲ್ಲಿ, ಒಂದಲ್ಲ ಹಲವು ಸ್ಥಳಗಳಿಂದ ತೆಗೆದು ಪರೀಕ್ಷಿಸಿ, ಬಂದ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಈ ಮೊದಲೇ ಪರೀಕ್ಷೆಗಳಾಗಿದ್ದರೆ ಅವನ್ನು ಕಪಾಟಿನಿಂದ ಹೊರತೆಗೆಯಬೇಕು. ಮೂರನೆಯದಾಗಿ, ಘಟ್ಟದ ಮಳೆಮಾಪಕಗಳ ಜೊತೆಗೆ ಧರೆಯೊಳಗಿನ ನೀರಿನ ಮಟ್ಟವನ್ನು ತೋರಿಸುವ ಕೊಳವೆಗಳನ್ನಿಟ್ಟು, ಎಷ್ಟು ಮಳೆಗೆ ಎಷ್ಟು ನೀರು ಏರುತ್ತದೆಂಬುದನ್ನು ವರ್ಷವರ್ಷವೂ ಬರೆದಿಡಬೇಕು. ಗಾಡಿಗಳನ್ನು ನಿಲ್ಲಿಸತಕ್ಕ ಮಿತಿಯನ್ನು ಅದರಿಂದ ನಿಶ್ಚಯಿಸಬೇಕು. ನಾಲ್ಕನೆಯದಾಗಿ, ಬಿದ್ದ ಪ್ರತಿಯೊಂದು ಗುಡ್ಡದ ಮೋಜಣಿಯನ್ನು ಮಣ್ಣು ಬಳಿಯುವ ಮೊದಲೇ ಮಾಡಬೇಕು. ಜನರು ಸಿಕ್ಕಿಕೊಂಡಲ್ಲಿ ಜೀವರಕ್ಷಣೆಯು ಎಲ್ಲಕ್ಕೂ ಮೊದಲು ಎಂಬುದನ್ನು ಹೇಳತಕ್ಕದ್ದೇನೂ ಇಲ್ಲ. ಐದನೆಯದಾಗಿ, ಈ ಕೆಲಸದಲ್ಲಿ ನಮ್ಮ ವಿದ್ಯಾಲಯಗಳ ತರುಣರನ್ನು ತೊಡಗಿಸಬೇಕು. ಪರದೇಶದ ಗುಡ್ಡಗಳ ಉದಾಹರಣೆಗಳನ್ನು ಬಾಯಿಪಾಠ ಮಾಡಿ ಪದವಿ ಪಡೆಯುವವನು ತನ್ನ ತಾಲೂಕಿನ ಧರೆಯನ್ನು ಒಮ್ಮೆಯಾದರೂ ಅಳೆಯಲಿ.

ಖರ್ಚಿನ ಮಾತು ಬರುವುದು ಸಹಜ. ಆದರೆ ಹಳಿ ಮುಚ್ಚಿದ ಒಂದು ವಾರದಲ್ಲಿ ರೇಲ್ವೆಗೂ ಬಂದರಕ್ಕೂ ವ್ಯಾಪಾರಕ್ಕೂ ಆಗುವ ಹಾನಿಯನ್ನು ಲೆಕ್ಕ ಹಾಕಿ, ಅದರ ಪಕ್ಕದಲ್ಲಿ ಮಣ್ಣಿನ ಪರೀಕ್ಷೆಯ ವೆಚ್ಚವನ್ನು ಬರೆದು ನೋಡುವ ಕೆಲಸವನ್ನು ಲೆಕ್ಕಪತ್ರ ಬಲ್ಲ ಅಧಿಕಾರಿಗಳಿಗೇ ಬಿಡುತ್ತೇವೆ. ಮನುಷ್ಯನ ಪ್ರಾಣವನ್ನು ಯಾವ ಬದಿಗೆ ಬರೆಯಬೇಕೆಂಬುದನ್ನು ಅವರೇ ಹೇಳಲಿ.

ಮಳೆಗಾಲದ ರಾತ್ರಿಗಳಲ್ಲಿ, ಊರೆಲ್ಲ ಮಲಗಿರುವಾಗ, ಕೈಯಲ್ಲಿ ದೀಪ ಹಿಡಿದು ಘಟ್ಟದ ಹಳಿಯಗುಂಟ ನಡೆಯುವ ರೇಲ್ವೆಯ ಕೆಲಸಗಾರರಿದ್ದಾರೆ. ಗಾಡಿಯೊಳಗೆ ನಿದ್ದೆ ಹೋದ ಸಾವಿರ ಜನರ ಪ್ರಾಣವು ಅವರ ಕಣ್ಣಿನ ಮೇಲೆ ನಿಂತಿದೆ. ಅವರ ಪ್ರಾಣವು ಮೇಲಿನ ಧರೆಯ ಮೇಲೆ ನಿಂತಿದೆ. ಅವರ ದೀಪವು ಬಿದ್ದ ಮಣ್ಣನ್ನು ತೋರಿಸಬಲ್ಲದು, ಬೀಳಲಿರುವ ಮಣ್ಣನ್ನು ತೋರಿಸಲಾರದು. ಅದನ್ನು ತೋರಿಸಬಲ್ಲ ಸಾಧನವು ಶಾಸ್ತ್ರದಲ್ಲಿದೆ. ಅದನ್ನು ಅವರ ಕೈಗೆ ಕೊಡುವುದು ಸರಕಾರದ ಕರ್ತವ್ಯವು. ಸ್ವರಾಜ್ಯವೆಂದರೆ ನೆಲದ ಒಡೆತನವಷ್ಟೇ ಅಲ್ಲ, ಆ ನೆಲದ ಗುಣವನ್ನು ಬಲ್ಲ ಜವಾಬ್ದಾರಿಯೂ ಹೌದು. ಬರುವ ಮಳೆಗಾಲಕ್ಕೆ ಮುಂಚೆ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಧರೆಗಳಲ್ಲಿ ಎಷ್ಟನ್ನು ಅಳೆದಿದ್ದಾರೆ, ಎಷ್ಟು ಉಳಿದಿವೆ ಎಂಬ ಒಂದು ಪುಟದ ವರದಿಯನ್ನಾದರೂ ಸಂಬಂಧಪಟ್ಟವರು ಪ್ರಕಟಿಸಬೇಕು. ಅದನ್ನು ಈ ಪುಟದಲ್ಲಿಯೇ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ.